ಬಿದ್ದ ಸೇತುವೆಗಳು ಬರೆಸಿದ ನಿಯಮಗಳು

ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಮಿಸಿಸಿಪ್ಪಿ ನದಿಗೆ ಕಟ್ಟಿದ ಹೆದ್ದಾರಿ ಸೇತುವೆಯೊಂದು 1967ರ ನವೆಂಬರಿನಲ್ಲಿ ಸಂಚಾರಕ್ಕೆ ತೆರೆಯಿತು. ಅದಾದ ಮರುತಿಂಗಳು, ಡಿಸೆಂಬರ್ 15ರ ಸಂಜೆ, ದೂರದ ವೆಸ್ಟ್ ವರ್ಜೀನಿಯ ರಾಜ್ಯದಲ್ಲಿ ಒಹಾಯೊ ನದಿಯ ಮೇಲಿದ್ದ ಸಿಲ್ವರ್ ಬ್ರಿಜ್ ಎಂಬ ಹಳೆಯ ಸೇತುವೆ ಕುಸಿದು 46 ಜನ ಸತ್ತರು. ಆ ಕುಸಿತದಿಂದಲೇ ದೇಶದ ಸೇತುವೆಗಳನ್ನೆಲ್ಲ ನಿಯಮಿತವಾಗಿ ತಪಾಸಣೆ ಮಾಡಬೇಕೆಂಬ ಕಾನೂನು ಹುಟ್ಟಿತು. ಮಿನಿಯಾಪೊಲಿಸ್ಸಿನ ಹೊಸ ಸೇತುವೆಯೂ ಆ ಕಾನೂನಿನ ಕಣ್ಣಳತೆಯಲ್ಲೇ ಬಾಳಿ, ಹಳತಾಗಿ, 2007ರ ಆಗಸ್ಟ್ 1ರ ಸಂಜೆ 6 ಗಂಟೆ 5 ನಿಮಿಷಕ್ಕೆ ನದಿಗೆ ಬಿತ್ತು. 13 ಜನ ಸತ್ತರು, 145 ಜನ ಗಾಯಗೊಂಡರು.

ಈ ಎರಡು ಸೇತುವೆಗಳ ನಡುವಿನ ನಲವತ್ತು ವರ್ಷಗಳ ಕಥೆಯಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಒಂದು ರಾಜ್ಯದ ಸಾರಿಗೆ ಇಲಾಖೆಯ ಮುಂದೆ ಸಾವಿರಾರು ಸೇತುವೆಗಳಿರುತ್ತವೆ, ಹಣ ಮಾತ್ರ ಮಿತವಾಗಿರುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಪಟ್ಟಿ ಮಾಡಲೇಬೇಕು. ಆ ಪಟ್ಟಿಯನ್ನು ಬರೆಯುವ ಕೈ ಯಾರದು? ಅದಕ್ಕೆ ಕಾಣುವುದೇನು, ಕಾಣದೆ ಉಳಿಯುವುದೇನು? ಇದನ್ನು ಎಂಜಿನಿಯರುಗಳ ವಿಷಯವೆಂದು ಬಿಟ್ಟುಬಿಡುವುದು ಸುಲಭ. ಆದರೆ ಇತಿಹಾಸದ ವಿದ್ಯಾರ್ಥಿಯಾಗಿ ಈ ಪಟ್ಟಿಗಳನ್ನು ನೋಡಿದರೆ, ಒಂದು ಸಮಾಜ ಯಾವುದನ್ನು ನೆನಪಿಟ್ಟುಕೊಂಡಿದೆ, ಯಾವುದನ್ನು ಮರೆತಿದೆ ಎಂಬುದರ ದಾಖಲೆಗಳಂತೆ ಅವು ಕಾಣುತ್ತವೆ.

ಕಟ್ಟಲು ಒಬ್ಬರು, ಕಾಯಲು ಇನ್ನೊಬ್ಬರು

ಅಮೆರಿಕದಲ್ಲಿ ರಸ್ತೆಗಳು ಬಹುಕಾಲ ಊರು ಮತ್ತು ಕೌಂಟಿಗಳ ಹೊಣೆಯಾಗಿದ್ದವು. 1893ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಒಂದು ಹೆದ್ದಾರಿ ಆಯೋಗವನ್ನು ರಚಿಸಿತು. 1916ರಲ್ಲಿ ಕೇಂದ್ರ ಸರ್ಕಾರ ರಸ್ತೆಗಳಿಗೆ ನೆರವು ಕೊಡುವ ಕಾನೂನು ತಂದಾಗ ಒಂದು ಷರತ್ತು ಹಾಕಿತು: ಹಣ ಬೇಕಾದರೆ ರಾಜ್ಯದಲ್ಲಿ ಹೆದ್ದಾರಿ ಇಲಾಖೆ ಇರಬೇಕು. ಹೀಗೆ ಇಲಾಖೆಗಳು ಎಲ್ಲೆಡೆ ಹುಟ್ಟಿದವು. 1919ರಲ್ಲಿ ಆರೆಗನ್ ರಾಜ್ಯ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ಒಂದು ಸೆಂಟ್ ತೆರಿಗೆ ಹಾಕಿ, ರಸ್ತೆಯನ್ನು ಬಳಸುವವರೇ ಅದರ ಖರ್ಚು ಹೊರಲಿ ಎಂಬ ದಾರಿ ತೋರಿಸಿತು. ಹತ್ತು ವರ್ಷಗಳಲ್ಲಿ ಎಲ್ಲ ರಾಜ್ಯಗಳೂ ಅದೇ ದಾರಿ ಹಿಡಿದವು.

ದೊಡ್ಡ ತಿರುವು ಬಂದದ್ದು 1956ರಲ್ಲಿ. ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಕಾನೂನಿನಿಂದ 41,000 ಮೈಲಿಗಳ ಇಂಟರ್‌ಸ್ಟೇಟ್ ಹೆದ್ದಾರಿ ಜಾಲಕ್ಕೆ ಚಾಲನೆ ಸಿಕ್ಕಿತು. ಖರ್ಚಿನಲ್ಲಿ ನೂರಕ್ಕೆ ತೊಂಬತ್ತು ಪಾಲು ಕೇಂದ್ರದ್ದು, ಹತ್ತು ಪಾಲು ರಾಜ್ಯದ್ದು. ಹತ್ತು ರೂಪಾಯಿ ಹಾಕಿದರೆ ನೂರು ರೂಪಾಯಿಯ ಆಸ್ತಿ ಸಿಗುವಾಗ ಬೇಡ ಎನ್ನುವವರು ಯಾರು? ಆದರೆ ಈ ಲೆಕ್ಕ ಕಟ್ಟುವುದಕ್ಕೆ ಮಾತ್ರ ಅನ್ವಯಿಸುತ್ತಿತ್ತು. ಕಟ್ಟಿ ಮುಗಿದ ಮೇಲೆ ಬಣ್ಣ ಬಳಿಯುವುದು, ತುಕ್ಕು ಕೆರೆಯುವುದು, ನೀರಿನ ಕಂಡಿ ಬಿಡಿಸುವುದು, ಬಿರುಕು ಹುಡುಕುವುದು ಎಲ್ಲವೂ ರಾಜ್ಯದ ಪಾಲಿಗೆ. ಇಂಟರ್‌ಸ್ಟೇಟ್ ರಸ್ತೆಗಳ ದುರಸ್ತಿ ಮತ್ತು ಪುನರುಜ್ಜೀವನಕ್ಕೂ ಕೇಂದ್ರದ ಹಣ ಬಳಸಬಹುದು ಎಂದು ಕಾನೂನು ಬದಲಾದದ್ದು 1976ರಲ್ಲಿ, ಇಪ್ಪತ್ತು ವರ್ಷಗಳ ನಂತರ.

ಇಲ್ಲಿ ನಮ್ಮ ಶಾಸನಗಳ ಒಂದು ಮಾತು ನೆನಪಾಗುತ್ತದೆ. ಹಳಗನ್ನಡದ ದಾನಶಾಸನಗಳನ್ನು ಓದಿದವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಪದಗುಚ್ಛ ಚೆನ್ನಾಗಿ ಗೊತ್ತು. ದೇಗುಲಕ್ಕೋ ಬಸದಿಗೋ ಭೂಮಿ ಬಿಡುವಾಗ ಪೂಜೆಯ ಖರ್ಚಿನ ಜೊತೆಗೆ, ಮುಂದೆ ಒಡೆದದ್ದನ್ನು, ಬಿರಿದದ್ದನ್ನು, ಹಳತಾದದ್ದನ್ನು ಸರಿಪಡಿಸುವುದಕ್ಕೂ ಆಗಲೇ ಆದಾಯ ಗೊತ್ತುಮಾಡುತ್ತಿದ್ದರು. ಕಟ್ಟಿದ್ದು ಒಡೆಯುತ್ತದೆ ಎಂಬುದನ್ನು ಒಪ್ಪಿಕೊಂಡೇ ಕಟ್ಟುವ ವಿವೇಕ ಅದು. 1956ರ ಹೆದ್ದಾರಿ ಕಾನೂನಿನಲ್ಲಿ ಆ ಸಾಲು ಇರಲಿಲ್ಲ.

ಕಾಣದ ಬಿರುಕಿಗೆ ಕಾಣುವ ಕಾನೂನು

ಸಿಲ್ವರ್ ಬ್ರಿಜ್ 1928ರಲ್ಲಿ ಕಟ್ಟಿದ್ದು. ಅಲ್ಯೂಮಿನಿಯಂ ಬಣ್ಣದಿಂದಾಗಿ ಬೆಳ್ಳಗೆ ಹೊಳೆಯುತ್ತಿದ್ದುದಕ್ಕೆ ಆ ಹೆಸರು. ಸಾಮಾನ್ಯ ತೂಗುಸೇತುವೆಯಲ್ಲಿ ನೂರಾರು ತಂತಿಗಳನ್ನು ಹೊಸೆದ ಹಗ್ಗವಿರುತ್ತದೆ. ಇದರಲ್ಲಿ ಬದಲಿಗೆ ಸರಪಳಿಯಿತ್ತು. ಎರಡು ತುದಿಗಳಲ್ಲೂ ತೂತಿರುವ ಉದ್ದನೆಯ ಉಕ್ಕಿನ ಪಟ್ಟಿಗಳನ್ನು ಗೂಟದಿಂದ ಒಂದಕ್ಕೊಂದು ಜೋಡಿಸಿದ ಸರಪಳಿ. ಒಂದೊಂದು ಕೊಂಡಿಗೆ ಎರಡೇ ಪಟ್ಟಿಗಳು. ಒಂದು ಮುರಿದರೆ ಇನ್ನೊಂದು ಇಡೀ ಭಾರ ಹೊರುವಂತಿರಲಿಲ್ಲ.

ಆ ಸೇತುವೆಯ ಲೆಕ್ಕ ಹಾಕಿದ ಕಾಲದಲ್ಲಿ ರಸ್ತೆಯ ಮೇಲೆ ಓಡುತ್ತಿದ್ದದ್ದು ಫೋರ್ಡ್ ಕಂಪನಿಯ ಹಗುರವಾದ ಮಾಡೆಲ್ ಟಿ ಕಾರುಗಳು. 1967ರ ಹೊತ್ತಿಗೆ ಕಾರುಗಳೂ ದಪ್ಪಗಾಗಿದ್ದವು, ಲಾರಿಗಳೂ ಭಾರವಾಗಿದ್ದವು. ಕ್ರಿಸ್ಮಸ್ಸಿಗೆ ಹತ್ತು ದಿನವಿದ್ದ ಆ ಸಂಜೆ ಸೇತುವೆಯ ತುಂಬ ವಾಹನಗಳಿದ್ದಾಗ ಒಂದು ಪಟ್ಟಿ ತೂತಿನ ಬಳಿ ಸೀಳಿತು. ನೋಡನೋಡುತ್ತಲೇ ಇಡೀ ಸೇತುವೆ ನೀರಿನಲ್ಲಿತ್ತು. ಮೊದಲಿದ್ದ ಬಿರುಕಿನ ಆಳ ಒಂದು ಅಂಗುಲದ ಹತ್ತನೇ ಒಂದು ಭಾಗದಷ್ಟು ಮಾತ್ರ ಎಂದು ತನಿಖೆ ಕಂಡುಕೊಂಡಿತು.

ಇದಕ್ಕೆ ಸರ್ಕಾರದ ಉತ್ತರ ಬೇಗ ಬಂತು. 1968ರ ಕಾನೂನು ರಾಷ್ಟ್ರೀಯ ತಪಾಸಣಾ ಮಾನದಂಡಗಳನ್ನು ಕೇಳಿತು. 1971ರಲ್ಲಿ ಅವು ಜಾರಿಗೆ ಬಂದವು. ಎರಡು ವರ್ಷಕ್ಕೊಮ್ಮೆ ತಪಾಸಣೆ, ತರಬೇತಾದ ತಪಾಸಕರು, ಎಲ್ಲ ಸೇತುವೆಗಳ ಒಂದು ರಾಷ್ಟ್ರೀಯ ದಫ್ತರ. ಸೇತುವೆಯ ಹಾಸಿಗೆ, ಮೇಲಿನ ರಚನೆಗೆ, ಕೆಳಗಿನ ಆಧಾರಕ್ಕೆ ಬೇರೆ ಬೇರೆಯಾಗಿ ಸೊನ್ನೆಯಿಂದ ಒಂಬತ್ತರವರೆಗೆ ಅಂಕ. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಬಂದರೆ ಆ ಸೇತುವೆ 'ರಚನೆಯಲ್ಲಿ ಕೊರತೆಯುಳ್ಳದ್ದು'. ಮೊದಲು ಕೇಂದ್ರದ ನೆರವು ಪಡೆದ ಹೆದ್ದಾರಿಗಳ ಸೇತುವೆಗಳಿಗಷ್ಟೇ ಇದ್ದ ನಿಯಮ 1978ರಲ್ಲಿ ಉಳಿದ ಸಾರ್ವಜನಿಕ ರಸ್ತೆಗಳಿಗೂ ವಿಸ್ತರಿಸಿತು. ರಾಜ್ಯಗಳ ಆದ್ಯತಾ ಪಟ್ಟಿಗಳಿಗೆ ಅಂದಿನಿಂದ ಈ ಅಂಕಗಳೇ ಆಧಾರ.

ಆದರೆ ಇಲ್ಲೊಂದು ವಿಚಿತ್ರವಿದೆ. ಸಿಲ್ವರ್ ಬ್ರಿಜ್ಜಿನ ಬಿರುಕು ಇದ್ದದ್ದು ಗೂಟದ ಕೂಡಿಕೆಯ ಒಳಗೆ. ಕೂಡಿಕೆಯನ್ನು ಬಿಚ್ಚದೆ ಅದನ್ನು ಯಾವ ತಪಾಸಕನೂ ಕಾಣುವಂತಿರಲಿಲ್ಲ ಎಂದು ತನಿಖೆಯೇ ಹೇಳಿತು. ಅಂದರೆ ತಪಾಸಣೆಯ ಕಾನೂನಿಗೆ ಕಾರಣವಾದದ್ದು ತಪಾಸಣೆಯಿಂದ ತಪ್ಪಿಸಲಾಗದಿದ್ದ ಕುಸಿತ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ನಾವು ನಗಬಹುದು. ಆದರೂ ಆ ಬಾಗಿಲು ವ್ಯರ್ಥವಾಗಲಿಲ್ಲ. ಅದೇ ನದಿಯ ಮೇಲ್ಭಾಗದಲ್ಲಿ ಸೇಂಟ್ ಮೇರೀಸ್ ಎಂಬ ಊರಿನ ಬಳಿ ಅದೇ ವಿನ್ಯಾಸದ ಇನ್ನೊಂದು ಸೇತುವೆಯಿತ್ತು. ಅದನ್ನು ಮುಚ್ಚಿ, 1971ರಲ್ಲಿ ಕೆಡವಿದರು. ಅಲ್ಲಿ ಯಾರೂ ಸಾಯಲಿಲ್ಲ. ಯಾರೂ ಸಾಯದಿದ್ದುದರಿಂದ ಆ ಸೇತುವೆಯ ಹೆಸರು ಹೆಚ್ಚಿನವರಿಗೆ ಗೊತ್ತಿಲ್ಲ.

ಪ್ರತಿ ಕುಸಿತಕ್ಕೂ ಒಂದು ಅಧ್ಯಾಯ

ಮುಂದಿನ ನಿಯಮಗಳೂ ಹೀಗೆಯೇ ಬಂದವು. 1983ರ ಜೂನ್ 28ರ ನಸುಕಿನಲ್ಲಿ ಕನೆಕ್ಟಿಕಟ್ ರಾಜ್ಯದ ಮಯಾನಸ್ ನದಿಯ ಮೇಲಿನ ಹೆದ್ದಾರಿ ಸೇತುವೆಯ ನೂರು ಅಡಿ ಉದ್ದದ ಒಂದು ತುಂಡು ಕಳಚಿ ಬಿತ್ತು. ಮೂವರು ಸತ್ತರು. ಹಿಂದೊಮ್ಮೆ ರಸ್ತೆಗೆ ಹೊಸ ಹಾಸು ಹಾಕುವಾಗ ಮಳೆನೀರಿನ ಕಂಡಿಗಳನ್ನು ಮುಚ್ಚಿಬಿಟ್ಟಿದ್ದರು. ನೀರು ಕೂಡಿಕೆಗಳಿಗೆ ಇಳಿದು ತುಕ್ಕು ಹಿಡಿದಿತ್ತು. ಆಗ ಆ ರಾಜ್ಯದ 3,425 ಸೇತುವೆಗಳ ತಪಾಸಣೆಗೆ ಇದ್ದದ್ದು ಹನ್ನೆರಡು ಎಂಜಿನಿಯರುಗಳು, ಇಬ್ಬಿಬ್ಬರ ಜೋಡಿಯಾಗಿ. ಕಾನೂನು ಪುಸ್ತಕದಲ್ಲಿತ್ತು, ಅದನ್ನು ಪಾಲಿಸುವ ಕಣ್ಣುಗಳು ಸಾಲದಾಗಿದ್ದವು. ಮರುವರ್ಷ ರಾಜ್ಯ ಸಾರಿಗೆಗೆಂದೇ ಪ್ರತ್ಯೇಕ ನಿಧಿಯನ್ನೂ ಹತ್ತು ವರ್ಷಗಳ ದುರಸ್ತಿ ಕಾರ್ಯಕ್ರಮವನ್ನೂ ಆರಂಭಿಸಿತು.

1987ರ ಏಪ್ರಿಲ್ 5ರಂದು ನ್ಯೂಯಾರ್ಕ್ ರಾಜ್ಯದ ಸ್ಕೊಹ್ಯಾರಿ ಹೊಳೆಯ ಪ್ರವಾಹ ಒಂದು ಸೇತುವೆಯ ಕಂಬದ ತಳಪಾಯದ ಕೆಳಗಿನ ಮಣ್ಣನ್ನೇ ಕೊರೆದು ಒಯ್ಯಿತು. ಹತ್ತು ಜನ ಸತ್ತರು. ಅಲ್ಲಿಯವರೆಗೆ ತಪಾಸಣೆ ಬಹುಮಟ್ಟಿಗೆ ನೀರಿನ ಮೇಲೆ ಕಾಣುವ ಭಾಗಕ್ಕೇ ನಿಲ್ಲುತ್ತಿತ್ತು. ಅದರ ನಂತರ ಮುಳುಗುಗಾರರನ್ನು ಇಳಿಸಿ ನೀರಿನೊಳಗಿನ ಆಧಾರಗಳನ್ನು ನೋಡುವುದು ರಾಷ್ಟ್ರೀಯ ನಿಯಮವಾಯಿತು.

ಹೀಗೆ ತಪಾಸಣೆಯ ಕೈಪಿಡಿ ದಪ್ಪಗಾಗುತ್ತ ಹೋಯಿತು. ಒಂದೊಂದು ಅಧ್ಯಾಯದ ಹಿಂದೆಯೂ ಒಂದೊಂದು ನದಿಯಿದೆ.

ಅರ್ಧ ಅಂಗುಲ

ಈಗ ಮಿನಿಯಾಪೊಲಿಸ್ಸಿಗೆ ಬರೋಣ. ಐ-35ಡಬ್ಲ್ಯು ಹೆದ್ದಾರಿಯ ಆ ಸೇತುವೆಯ ಮೇಲೆ ದಿನಕ್ಕೆ ಸುಮಾರು 1,40,000 ವಾಹನಗಳು ಓಡುತ್ತಿದ್ದವು. ಒಂದು ಮುಖ್ಯ ಭಾಗ ಮುರಿದರೆ ಇಡೀ ಸೇತುವೆ ಬೀಳುವಂಥ ರಚನೆ ಅದರದು. ಇದು ಇಲಾಖೆಗೆ ಗೊತ್ತಿತ್ತು. ಹಾಗಾಗಿಯೇ 1993ರಿಂದ ಎರಡು ವರ್ಷಕ್ಕೊಮ್ಮೆ ಅಲ್ಲ, ಪ್ರತಿ ವರ್ಷವೂ ತಪಾಸಣೆ ನಡೆಯುತ್ತಿತ್ತು. 1990ರ ದಶಕದ ಆರಂಭದಿಂದಲೇ ಅದರ ಮೇಲಿನ ರಚನೆಗೆ ನಾಲ್ಕು ಅಂಕ. ಮಿನೆಸೋಟ ವಿಶ್ವವಿದ್ಯಾಲಯದ ತಜ್ಞರು ಉಕ್ಕಿನ ದಣಿವಿನ ಬಗ್ಗೆ ಅಧ್ಯಯನ ಮಾಡಿ 2001ರಲ್ಲಿ ವರದಿ ಕೊಟ್ಟರು. ಆಮೇಲೆ ಒಂದು ಸಲಹಾ ಸಂಸ್ಥೆಯನ್ನೂ ನೇಮಿಸಲಾಯಿತು. ಉಕ್ಕಿನ ಹಲಗೆಗಳನ್ನು ಸೇರಿಸಿ ಬಲಪಡಿಸುವ ಯೋಜನೆ ತಯಾರಾಯಿತು. ಅದಕ್ಕಾಗಿ ತೂತು ಕೊರೆದರೆ ಸೇತುವೆ ಇನ್ನೂ ದುರ್ಬಲವಾದೀತೆಂಬ ಅಂಜಿಕೆಯಿಂದ 2007ರ ಜನವರಿಯಲ್ಲಿ ಅದನ್ನು ಕೈಬಿಟ್ಟು, ತಪಾಸಣೆಯನ್ನೇ ಮುಂದುವರಿಸಲು ನಿರ್ಧರಿಸಿದರು.

ಎಲ್ಲರೂ ಹುಡುಕುತ್ತಿದ್ದದ್ದು ಬಿರುಕು ಮತ್ತು ತುಕ್ಕು. ಹಿಂದಿನ ಕುಸಿತಗಳು ಕಲಿಸಿದ್ದು ಅದನ್ನೇ.

2008ರ ನವೆಂಬರಿನಲ್ಲಿ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ವರದಿ ಬಂತು. ಸೇತುವೆಯ ಉಕ್ಕಿನ ತೊಲೆಗಳು ಕೂಡುವ ಕಡೆ ಅವನ್ನು ಹಿಡಿದಿಡುವ ಚಪ್ಪಟೆ ಹಲಗೆಗಳಿರುತ್ತವೆ. ಅವಕ್ಕೆ ಗಸೆಟ್ ಪ್ಲೇಟ್ ಎನ್ನುತ್ತಾರೆ. ಕುಸಿತ ಶುರುವಾದ ಕೂಡಿಕೆಯಲ್ಲಿ ಈ ಹಲಗೆಗಳ ದಪ್ಪ ಅರ್ಧ ಅಂಗುಲ. ಇರಬೇಕಾಗಿದ್ದದ್ದು ಸುಮಾರು ಎರಡರಷ್ಟು. 1960ರ ದಶಕದಲ್ಲಿ ವಿನ್ಯಾಸ ಮಾಡಿದ ಸಂಸ್ಥೆಯ ಲೆಕ್ಕದಲ್ಲೇ ತಪ್ಪಾಗಿತ್ತು; ಅದನ್ನು ಪರಿಶೀಲಿಸಿದ ಸರ್ಕಾರಿ ಕಚೇರಿಗಳಿಗೂ ಅದು ಕಾಣಲಿಲ್ಲ. ಅಂಥ ಹಲಗೆಗಳ ಮೇಲೆ ವರ್ಷ ಕಳೆದಂತೆ ಭಾರ ಏರಿತು. 1977ರಲ್ಲಿ ಹಾಸಿನ ಮೇಲೆ ಇನ್ನೊಂದು ಪದರ ಕಾಂಕ್ರೀಟು, 1998ರಲ್ಲಿ ಭಾರಿ ತಡೆಗೋಡೆಗಳು. ಕುಸಿದ ದಿನ ಸೇತುವೆಯ ಹಾಸಿನ ದುರಸ್ತಿ ನಡೆದಿತ್ತು. ಎಂಟರಲ್ಲಿ ನಾಲ್ಕು ಪಥ ಮುಚ್ಚಿ, ಮರಳು, ಜಲ್ಲಿ, ಯಂತ್ರಗಳನ್ನು ಆ ದುರ್ಬಲ ಕೂಡಿಕೆಯ ಮೇಲ್ಭಾಗದಲ್ಲೇ ತಂದು ಇಟ್ಟಿದ್ದರು. ಅವುಗಳ ತೂಕ ಇನ್ನೂರೈವತ್ತು ಟನ್ನಿಗೂ ಹೆಚ್ಚು.

ಸೇತುವೆಯ ಕುಸಿದ ಭಾಗದಲ್ಲಿ 111 ವಾಹನಗಳಿದ್ದವು. ಅವುಗಳಲ್ಲಿ ಒಂದು ಮಕ್ಕಳನ್ನು ಹೊತ್ತ ಶಾಲಾ ಬಸ್ಸು. ಅದು ಬಿದ್ದ ಹಾಸಿನ ಮೇಲೆ ತಡೆಗೋಡೆಗೆ ಒರಗಿ ನಿಂತಿತು. ಅದರಲ್ಲಿದ್ದವರೆಲ್ಲ ಬದುಕಿದರು.

ವರದಿಯಲ್ಲಿ ಮನಸ್ಸನ್ನು ಕಾಡುವ ಅಂಶ ಬೇರೆಯದೇ ಇದೆ. 1999 ಮತ್ತು 2003ರಲ್ಲಿ ತೆಗೆದ ಫೋಟೋಗಳಲ್ಲಿ ಆ ಗಸೆಟ್ ಹಲಗೆಗಳು ಬಾಗಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಅಂದರೆ ಚಿಹ್ನೆ ಕ್ಯಾಮೆರಾದ ಎದುರಿಗೇ ಇತ್ತು. ಆದರೆ ಅಪಾಯದ ಗುರುತಾಗಿ ಅದನ್ನು ಓದುವ ಅಭ್ಯಾಸ ಇರಲಿಲ್ಲ. ಗಸೆಟ್ ಹಲಗೆಯ ಲೆಕ್ಕ ಸರಿಯಿರುತ್ತದೆ, ಅದು ತೊಲೆಗಿಂತ ಗಟ್ಟಿಯಾಗಿರುತ್ತದೆ ಎಂದು ವೃತ್ತಿಯೇ ನಂಬಿತ್ತು. ಸೇತುವೆ ಎಷ್ಟು ಭಾರ ತಡೆದೀತೆಂದು ಮತ್ತೆ ಲೆಕ್ಕ ಹಾಕುವಾಗಲೂ ಈ ಹಲಗೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ರೂಢಿ ಇರಲಿಲ್ಲ. ಮುಪ್ಪಿನಿಂದ ಬರುವ ದೋಷವನ್ನು ಹುಡುಕಲು ರೂಪಿಸಿದ ತಪಾಸಣೆಗೆ ಹುಟ್ಟಿನಲ್ಲೇ ಬಂದ ದೋಷ ಸಿಗಲಿಲ್ಲ. ಹಳೆಯ ಪಠ್ಯವನ್ನು ಓದುವ ನಮಗೂ ಇದು ಅಪರಿಚಿತವಲ್ಲ. ಹಾಳೆಯ ಮೇಲಿರುವುದೆಲ್ಲ ಕಣ್ಣಿಗೆ ಬೀಳುತ್ತದೆ. ಹುಡುಕಬೇಕೆಂದು ಮೊದಲೇ ಕಲಿತದ್ದು ಮಾತ್ರ ಅರ್ಥವಾಗುತ್ತದೆ.

ತಪ್ಪು ಕಾರಣಕ್ಕೆ ಸರಿಯಾದ ಜಗಳ

ಕುಸಿತದ ಮರುದಿನದಿಂದ ರಾಜಕೀಯ ಶುರುವಾಯಿತು. ಮಿನೆಸೋಟದ ಪೆಟ್ರೋಲ್ ತೆರಿಗೆ 1988ರಿಂದ ಗ್ಯಾಲನ್ನಿಗೆ 20 ಸೆಂಟಿನಲ್ಲೇ ನಿಂತಿತ್ತು. ಬೆಲೆಗಳು ಏರಿದ್ದವು, ರಸ್ತೆಗಳು ಹಳತಾಗಿದ್ದವು, ತೆರಿಗೆ ಅಲುಗಾಡಿರಲಿಲ್ಲ. 2007ರ ಮೇ ತಿಂಗಳಲ್ಲಿ ಶಾಸನಸಭೆ ತೆರಿಗೆ ಏರಿಸುವ ಮಸೂದೆ ಕಳಿಸಿದಾಗ ಗವರ್ನರ್ ಟಿಮ್ ಪಾಲೆಂಟಿ ಅದಕ್ಕೆ ವೀಟೋ ಹಾಕಿದ್ದರು. ಅಲ್ಲಿ ಗವರ್ನರ್ ಎಂದರೆ ನಮ್ಮ ಮುಖ್ಯಮಂತ್ರಿಯಂತೆ ಚುನಾಯಿತ ಮುಖ್ಯಸ್ಥ. ಉಪಗವರ್ನರ್ ಕೆರೊಲ್ ಮೋಲ್ನೊ ಅವರೇ ಸಾರಿಗೆ ಇಲಾಖೆಯ ಮುಖ್ಯಸ್ಥೆಯೂ ಆಗಿದ್ದರು. ಹಣ ಕೊಡಲಿಲ್ಲ, ಸೇತುವೆ ಬಿತ್ತು ಎಂದು ಜನ ಆಡಿಕೊಂಡದ್ದು ಸಹಜ.

2008ರ ಫೆಬ್ರುವರಿಯಲ್ಲಿ ಶಾಸನಸಭೆ ಗವರ್ನರರ ಇನ್ನೊಂದು ವೀಟೋವನ್ನು ಮೀರಿ ಮತ ಹಾಕಿ, ತೆರಿಗೆಯನ್ನು ಹಂತಹಂತವಾಗಿ ಎಂಟೂವರೆ ಸೆಂಟ್ ಏರಿಸಿತು. ಅದೇ ತಿಂಗಳು ಸೆನೆಟ್ ಮೋಲ್ನೊ ಅವರನ್ನು ಇಲಾಖೆಯ ಹುದ್ದೆಯಿಂದ ಇಳಿಸಿತು. ಹೊಸ ಕಾನೂನು ಹತ್ತು ವರ್ಷಗಳ ಸೇತುವೆ ಕಾರ್ಯಕ್ರಮವನ್ನು ಕಡ್ಡಾಯ ಮಾಡಿತು. 172 ಸೇತುವೆಗಳ ಪಟ್ಟಿ ತಯಾರಾಯಿತು. ಬಿದ್ದ ಜಾಗದಲ್ಲಿ 234 ದಶಲಕ್ಷ ಡಾಲರಿನ ಹೊಸ ಸೇತುವೆ 2008ರ ಸೆಪ್ಟೆಂಬರ್ 18ರಂದೇ ತೆರೆಯಿತು, ಮುನ್ನೂರಕ್ಕೂ ಹೆಚ್ಚು ಸಂವೇದಕಗಳನ್ನು ಮೈಯಲ್ಲಿ ಹೊತ್ತು.

ಆಮೇಲೆ ಬಂದ ತನಿಖಾ ವರದಿ ಈ ಜಗಳದ ತರ್ಕವನ್ನು ಪೂರ್ತಿ ಒಪ್ಪಲಿಲ್ಲ. ಅದರ ಪ್ರಕಾರ ಸೇತುವೆ ಬಿದ್ದದ್ದು ವಿನ್ಯಾಸದ ತಪ್ಪಿನಿಂದ. ತುಕ್ಕಿನಿಂದಲ್ಲ, ತೆರಿಗೆ ಏರಿಸದ ಕಾರಣಕ್ಕೂ ಅಲ್ಲ. ಹಾಗಾದರೆ ಕೂಗಾಡಿದವರದ್ದು ತಪ್ಪೇ? ಕಾರಣದ ಬಗ್ಗೆ ಅವರು ಎಡವಿದ್ದರು, ಅಗತ್ಯದ ಬಗ್ಗೆ ಅಲ್ಲ. ಆ ಹೊತ್ತಿಗೆ ದೇಶದಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಸೇತುವೆಗಳು 'ಕೊರತೆಯುಳ್ಳ' ಪಟ್ಟಿಯಲ್ಲಿದ್ದವು. ಅಷ್ಟು ದೊಡ್ಡ ಪಟ್ಟಿ ಎಚ್ಚರಿಕೆಯ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಎಲ್ಲದರ ಮೇಲೂ ಕೆಂಪು ಗುರುತಿದ್ದರೆ ಯಾವುದೂ ಕೆಂಪಾಗಿ ಕಾಣುವುದಿಲ್ಲ.

ತಂಗಿ ಸೇತುವೆಯನ್ನು ಉಳಿಸುವ ಕೆಲಸ ಇಲ್ಲೂ ನಡೆಯಿತು. ಗಸೆಟ್ ಹಲಗೆಗಳನ್ನು ನೋಡಿ ಎಂದು ದೇಶಕ್ಕೆಲ್ಲ ಸೂಚನೆ ಹೋದ ಮೇಲೆ, 2008ರ ಮಾರ್ಚಿನಲ್ಲಿ ಅದೇ ರಾಜ್ಯದ ಸೇಂಟ್ ಕ್ಲೌಡ್ ನಗರದ ಡಿಸೋಟೊ ಸೇತುವೆಯಲ್ಲಿ ಬಾಗಿದ ಹಲಗೆಗಳು ಕಂಡವು. ಅದೂ ಮಿಸಿಸಿಪ್ಪಿಯ ಮೇಲಿನ ಸೇತುವೆಯೇ. ಕೂಡಲೇ ಮುಚ್ಚಿದರು, ಮರುವರ್ಷ ಅಲ್ಲಿ ಹೊಸದು ನಿಂತಿತು. ಒಂದು ವರ್ಷ ಮೊದಲಾಗಿದ್ದರೆ ಅದೇ ಬಾಗು ಫೋಟೋದಲ್ಲಿ ಬರೀ ಬಾಗಾಗಿಯೇ ಉಳಿಯುತ್ತಿತ್ತು.

ಕಂಡ ಮೇಲೂ

ಕಾಣದಿದ್ದುದರಿಂದ ಆದ ಕುಸಿತಗಳು ಒಂದು ಬಗೆ. ಕಂಡ ಮೇಲೂ ಆದವು ಇನ್ನೊಂದು ಬಗೆ. 2022ರ ಜನವರಿ 28ರಂದು ಪಿಟ್ಸ್‌ಬರ್ಗ್ ನಗರದ ಫರ್ನ್ ಹಾಲೊ ಸೇತುವೆ ಕುಸಿಯಿತು. ಮೂಲಸೌಕರ್ಯದ ಬಗ್ಗೆ ಭಾಷಣ ಮಾಡಲು ಅಧ್ಯಕ್ಷ ಬೈಡನ್ ಅದೇ ದಿನ ಅದೇ ನಗರಕ್ಕೆ ಬರುವವರಿದ್ದರು. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ. ಈ ಸೇತುವೆ ರಾಜ್ಯದ್ದಲ್ಲ, ನಗರಾಡಳಿತದ್ದು. ನೀರಿನ ಕಂಡಿಗಳು ಕಟ್ಟಿಕೊಂಡಿವೆ, ಕಾಲುಗಳು ತುಕ್ಕು ತಿನ್ನುತ್ತಿವೆ ಎಂದು ತಪಾಸಕರು ವರ್ಷವರ್ಷವೂ ಬರೆದಿದ್ದರು. ಕಂಡಿ ಬಿಡಿಸುವ ಕೆಲಸಕ್ಕೆ ದೊಡ್ಡ ತಂತ್ರಜ್ಞಾನ ಬೇಡ. ಅದನ್ನು ಯಾರೂ ಮಾಡಲಿಲ್ಲ. ಮಯಾನಸ್ ನದಿಯಲ್ಲಿ 1983ರಲ್ಲಿ ಕಲಿತ ಪಾಠ ಪುಸ್ತಕದಲ್ಲಿತ್ತು, ವರದಿಯಲ್ಲೂ ಇತ್ತು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ನಮ್ಮಲ್ಲಿದೆ. ಸೇತುವೆಯ ವಿಷಯದಲ್ಲಿ ಇದು ಇನ್ನೂ ನಿಜ. ಹೊಸ ಸೇತುವೆಗೆ ಉದ್ಘಾಟನೆಯಿದೆ, ಕಲ್ಲಿನ ಫಲಕವಿದೆ, ಅದರಲ್ಲಿ ಹೆಸರುಗಳಿವೆ. ಕಂಡಿ ಬಿಡಿಸಿದ್ದಕ್ಕೆ ಫಲಕವಿಲ್ಲ. ಅಂಕಪಟ್ಟಿ ಎಷ್ಟೇ ವೈಜ್ಞಾನಿಕವಾಗಿದ್ದರೂ ಹಣ ಹಂಚುವ ಕೋಣೆಯಲ್ಲಿ ಫಲಕದ ಆಸೆಯೂ ಕೂತಿರುತ್ತದೆ. 2012ರ ಕೇಂದ್ರ ಕಾನೂನು, ಪ್ರತಿ ರಾಜ್ಯವೂ ಇರುವ ಆಸ್ತಿಯನ್ನು ಕಾಪಾಡುವ ಯೋಜನೆಯನ್ನು ಬರೆದು ಕೊಡಬೇಕೆಂದು ಹೇಳಿದ್ದು ಈ ಆಸೆಗೆ ಲಗಾಮು ಹಾಕಲೆಂದೇ. ಖಂಡಸ್ಫುಟಿತದ ಸಾಲು ತಡವಾಗಿಯಾದರೂ ಕಾನೂನಿಗೆ ಸೇರಿತು ಎನ್ನಬಹುದು.

2024ರ ಮಾರ್ಚ್ 26ರ ನಡುರಾತ್ರಿ ದಾಟಿದ ಹೊತ್ತಿನಲ್ಲಿ ಬಾಲ್ಟಿಮೋರ್ ಬಂದರಿನ ಹಡಗೊಂದು ಹತೋಟಿ ತಪ್ಪಿ ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯ ಕಂಬಕ್ಕೆ ಬಡಿಯಿತು. ಹಡಗಿನಿಂದ ಬಂದ ಎಚ್ಚರಿಕೆ ಕೇಳಿ ಪೊಲೀಸರು ಎರಡೂ ತುದಿಗಳಲ್ಲಿ ವಾಹನಗಳನ್ನು ತಡೆದರು, ಬಹಳ ಜೀವ ಉಳಿಯಿತು. ಇಂಥ ಡಿಕ್ಕಿಯ ಅಪಾಯವನ್ನು ಅಳೆಯುವ ವಿಧಾನ 1991ರಿಂದಲೇ ಇತ್ತು. ಸೇತುವೆಯ ಒಡೆತನವಿದ್ದ ಮೇರಿಲ್ಯಾಂಡ್ ರಾಜ್ಯದ ಪ್ರಾಧಿಕಾರ ಆ ಲೆಕ್ಕ ಮಾಡಿರಲಿಲ್ಲ ಎಂದು ಸುರಕ್ಷತಾ ಮಂಡಳಿ ಮರುವರ್ಷ ಹೇಳಿತು. ಇನ್ನೊಂದು ಕುಸಿತ, ಕೈಪಿಡಿಗೆ ಇನ್ನೊಂದು ಅಧ್ಯಾಯ.

ಆ ರಾತ್ರಿ ಸೇತುವೆಯ ಮೇಲೆ ಎಂಟು ಜನರಿದ್ದ ಒಂದು ದುರಸ್ತಿ ತಂಡವಿತ್ತು. ಆರು ಜನ ಸತ್ತರು. ಮೆಕ್ಸಿಕೊ, ಗ್ವಾಟೆಮಾಲ, ಹೊಂಡುರಾಸ್, ಎಲ್ ಸಾಲ್ವಡಾರ್ ದೇಶಗಳಿಂದ ಬಂದು ನೆಲೆಸಿದವರು ಅವರು. ಊರೆಲ್ಲ ಮಲಗಿದ್ದಾಗ ಅವರು ರಸ್ತೆಯ ಗುಂಡಿ ಮುಚ್ಚುತ್ತಿದ್ದರು. ಯಾವ ರಾಜ್ಯದ ಆದ್ಯತಾ ಪಟ್ಟಿಯಾದರೂ ಕೊನೆಗೆ ಜಾರಿಯಾಗುವುದು ಇಂಥ ಕೈಗಳಿಂದ. ಪಟ್ಟಿ ಬರೆಯುವವರು ಅದನ್ನು ಮರೆಯದಿದ್ದರೆ, ಮುಂದಿನ ನಿಯಮ ಬರೆಯಲು ಇನ್ನೊಂದು ಸೇತುವೆ ಬೀಳುವವರೆಗೆ ಕಾಯಬೇಕಾಗಿಲ್ಲ.